ವೈರಸ್ ಅಲ್ಲ, ಥಂಡಿ

ಆರಿದ್ರಾ ಮಳೆ ಹಿಡಿದು ವಾರವಾಗಿತ್ತು. ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಒಳಗಿನಿಂದ ಕೀಂ, ಕೀಂ, ಕೀಂ ಅಂತ ಕೂಗು. ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದ ದೊಡ್ಡಪ್ಪ ಅಲ್ಲಿಂದಲೇ ತೀರ್ಪು ಕೊಟ್ಟರು: "ವೈರಸ್ ಹೊಕ್ಕಿದೆ ಮಾರಾಯ. ಪೇಟೆಗೆ ತಗೊಂಡು ಹೋಗು."

ಹಿಂದಿನ ವರ್ಷ ಅದನ್ನೇ ಮಾಡಿದ್ದೆ. ತೀರ್ಥಹಳ್ಳಿ ಬಳಿಯ ನಮ್ಮ ಮನೆಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರಿಗೂ ಜಾಸ್ತಿ. ಕ್ಯಾಬಿನೆಟ್ಟಿಗೆ ಕಂಬಳಿ ಸುತ್ತಿ, ಕೂಸಿನ ಹಾಗೆ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಅಂಗಡಿಯವನು ಮೂರು ದಿನ ಇಟ್ಟುಕೊಂಡ. "ವೈರಸ್ ಇತ್ತು ಸಾರ್, ಫಾರ್ಮ್ಯಾಟ್ ಮಾಡಿದೀನಿ" ಅಂದ. ದುಡ್ಡು ಹೋಯಿತು, ಜೊತೆಗೆ ಮಗಳ ನಾಮಕರಣದ ಫೋಟೋಗಳೂ ಹೋದವು. ಕಂಪ್ಯೂಟರ್ ಏನೋ ಸರಿಯಾಗಿತ್ತು.

ಆದರೆ ವೈರಸ್ ಅನ್ನುವುದು ಒಂದು ಪ್ರೋಗ್ರಾಂ. ಅದು ಓಡಬೇಕಾದರೆ ಮೊದಲು ಕಂಪ್ಯೂಟರ್ ಏಳಬೇಕು. ನಮ್ಮದು ಎದ್ದೇ ಇರಲಿಲ್ಲವಲ್ಲ! ಏಳುವ ಮೊದಲೇ, ಒಳಗಿನ ಭಾಗಗಳೆಲ್ಲ ಕೂರುವ ಮದರ್‌ಬೋರ್ಡ್ ತನ್ನ ಕೈಕಾಲು ಮುಟ್ಟಿ ನೋಡಿಕೊಳ್ಳುತ್ತದೆ. ಮೆಮೊರಿ ಸಿಗದಿದ್ದರೆ ಕೂಗುತ್ತದೆ. ಎಷ್ಟು ಸಲ, ಎಷ್ಟು ಉದ್ದ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಈಗಿನ ಎಷ್ಟೋ ಕಂಪ್ಯೂಟರುಗಳಲ್ಲಿ ಕೂಗುವ ಸ್ಪೀಕರೇ ಇರುವುದಿಲ್ಲ. ಅವು ಸುಮ್ನೆ ಕಪ್ಪು ಪರದೆ ತೋರಿಸುತ್ತವೆ.

ಈ ಸಲ ಪೇಟೆಗೆ ಹೋಗಲಿಲ್ಲ. ಪ್ಲಗ್ ಕಿತ್ತೆ. ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದೆ, ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ ಅಂತ. ಪಕ್ಕದ ತಗಡು ಬಿಚ್ಚಿ, ಕ್ಯಾಬಿನೆಟ್ಟಿನ ಕಬ್ಬಿಣವನ್ನು ಒಮ್ಮೆ ಮುಟ್ಟಿದೆ. ಮೈಮೇಲಿನ ಸ್ಥಿರ ವಿದ್ಯುತ್ತು ಚಿಪ್ಪಿಗೆ ಹಾರಬಾರದು ನೋಡಿ. ನಮ್ಮ ಮಳೆಗಾಲದಲ್ಲಿ ಅದರ ಭಯ ಕಡಿಮೆ. ತೇವದ ಗಾಳಿಯಲ್ಲಿ ಸ್ಥಿರ ವಿದ್ಯುತ್ತು ಅಷ್ಟಾಗಿ ಕಟ್ಟಿಕೊಳ್ಳುವುದಿಲ್ಲ. ಮಳೆ ಕಂಪ್ಯೂಟರಿಗೆ ಮಾಡುವ ಉಪಕಾರ ಇದೊಂದೇ ಇರಬೇಕು! ಆಮೇಲೆ ರ‍್ಯಾಮ್ ಅಂದರೆ ಮೆಮೊರಿ ಪಟ್ಟಿಯ ಎರಡೂ ತುದಿಯ ಕೊಕ್ಕೆ ಸರಿಸಿ, ಪಟ್ಟಿ ಎತ್ತಿ, ಬಂಗಾರದ ಬಣ್ಣದ ಹಲ್ಲುಗಳನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿದೆ. ರಬ್ಬರಿನ ಪುಡಿ ದೂರ ಊದಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಕಂಪ್ಯೂಟರ್ ಎದ್ದಿತು. ಅಂಗಡಿಯವನೂ ಪಟ್ಟಿಯನ್ನು ಒಮ್ಮೆ ಎತ್ತಿ ಕೂರಿಸಿರಬೇಕು. ಫಾರ್ಮ್ಯಾಟ್ ಅದರ ಮೇಲಿನ ಒಗ್ಗರಣೆ.

ಆ ಹಲ್ಲುಗಳ ಮೇಲಿರುವುದು ನಿಜವಾದ ಬಂಗಾರವೇ. ಆದರೆ ತೀರಾ ತೆಳು ಲೇಪ. ಅದರ ಕೆಳಗೆ ನಿಕ್ಕಲ್, ಅದರ ಕೆಳಗೆ ತಾಮ್ರ. ಬಂಗಾರಕ್ಕೆ ಕಿಲುಬು ಹಿಡಿಯುವುದಿಲ್ಲ. ಆದರೆ ಲೇಪದ ಸಣ್ಣ ತೂತುಗಳಿಂದ ತೇವ ಇಳಿದರೆ ಕೆಳಗಿನ ಲೋಹಕ್ಕೆ ಹಿಡಿಯುತ್ತದೆ. ಮೇಲೆ ಧೂಳು ಬೇರೆ. ಪಟ್ಟಿಯನ್ನು ಎಳೆದು ಮತ್ತೆ ಒತ್ತಿದಾಗ ಸ್ಲಾಟಿನ ಸಣ್ಣ ಸ್ಪ್ರಿಂಗುಗಳು ಹಲ್ಲನ್ನು ಕೆರೆದು ಆ ಪದರ ತೆಗೆಯುತ್ತವೆ. ಎಷ್ಟೋ ಸಲ ಅಷ್ಟೇ ಸಾಕು, ರಬ್ಬರೂ ಬೇಡ. ಉಪ್ಪುಕಾಗದವನ್ನಂತೂ ಮುಟ್ಟಿಸಲೇಬಾರದು, ಇರುವ ಚೂರು ಬಂಗಾರವೂ ಹೋಗುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜೂನ್‌ನಿಂದ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು. ಮದುವೆ ಸಿಡಿಗಳಿಗೂ ಬಂದಿದೆ. ಕಂಪ್ಯೂಟರ್ ಒಂದಕ್ಕೆ ಮಾತ್ರ ಯಾಕೆ ವಿನಾಯಿತಿ? ಗಾಳಿಯ ತೇವಾಂಶ ಶೇ. 60-70 ದಾಟಿದ ಮೇಲೆ ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ. ಧೂಳಿನಲ್ಲಿರುವ ಉಪ್ಪಿನ ಕಣ ಆ ನೀರನ್ನು ಇನ್ನೂ ಎಳೆಯುತ್ತದೆ. ಒಣ ಧೂಳು ಬರೀ ಧೂಳು. ಒದ್ದೆ ಧೂಳು ಕರೆಂಟ್ ಹಾಯುವ ದಾರಿ.

ಇದಕ್ಕೆ ಮದ್ದು ಕಂಪ್ಯೂಟರಿನ ಹೊಟ್ಟೆಯಲ್ಲೇ ಇದೆ, ಅದರ ಬಿಸಿ. ಗಾಳಿ ಸುಮಾರು 10-11 ಡಿಗ್ರಿ ಬೆಚ್ಚಗಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಮಳೆಗಾಲದ ಸಂಜೆ 22 ಡಿಗ್ರಿ, ತೇವಾಂಶ ಶೇ. 95 ಇದೆ ಅನ್ನಿ. ಅದೇ ಗಾಳಿ ಕ್ಯಾಬಿನೆಟ್ಟಿನೊಳಗೆ 33 ಡಿಗ್ರಿ ಆದರೆ ತೇವಾಂಶ ಶೇ. 50ಕ್ಕೆ ಇಳಿಯುತ್ತದೆ. ನೀರು ಎಲ್ಲಿಗೂ ಹೋಗಿಲ್ಲ. ಗಾಳಿಯ ಚೀಲ ದೊಡ್ಡದಾಯಿತು, ಅಷ್ಟೇ. ಹಾಗಾಗಿ ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಕ್ಕೆ ಒಂದು ಗಂಟೆ ಕಂಪ್ಯೂಟರ್ ಹಾಕಿಡಿ. ಪ್ಲಾಸ್ಟಿಕ್ ಕವರ್ ಹೊದೆಸುವುದಿದ್ದರೆ ಅದನ್ನು ಬೇಸಿಗೆಯ ಧೂಳಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಅದು ಥಂಡಿಯನ್ನು ಒಳಗೇ ಕಟ್ಟಿಹಾಕುತ್ತದೆ. ಮಳೆ ಹೊಡೆಯುವ ಕಡೆಯ ಗೋಡೆಗೆ ಕ್ಯಾಬಿನೆಟ್ ಒತ್ತಿ ಇಡಬೇಡಿ. ಇನ್ನು ಬೆಂಗಳೂರಿನಿಂದ ಏಸಿ ಬಸ್ಸಿನಲ್ಲಿ ತಣ್ಣಗಾಗಿ ಬಂದ ಲ್ಯಾಪ್‌ಟಾಪನ್ನು ಇಳಿದ ತಕ್ಷಣ ತೆರೆಯಬೇಡಿ. ಫ್ರಿಜ್ಜಿನಿಂದ ತೆಗೆದ ಚೊಂಬಿನ ಮೇಲೆ ನೀರು ಕಟ್ಟುವ ಹಾಗೆ ಅದರೊಳಗೂ ಕಟ್ಟುತ್ತದೆ. ಅರ್ಧ ಗಂಟೆ ಚೀಲದಲ್ಲೇ ಇರಲಿ, ಅಷ್ಟರಲ್ಲಿ ನೀವು ಕಾಫಿ ಕುಡಿಯಿರಿ.

ಬೆಚ್ಚಗಿನ ಜಾಗ ಅಂದರೆ ಇರುವೆಗೂ ಹಲ್ಲಿಗೂ ಇಷ್ಟ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಬಿಟ್ಟುಹೋದ ತಗಡಿನ ಪಟ್ಟಿಯ ಜಾಗ ತೆರೆದಿದ್ದರೆ ಮುಚ್ಚಿ. ಹಲ್ಲಿ ಎಸ್‌ಎಂಪಿಎಸ್ ಒಳಗೆ ಸತ್ತ ವಾಸನೆ ಬಂದರೂ ಕಂಪ್ಯೂಟರಿಗೆ ಕರೆಂಟ್ ಹಂಚುವ ಆ ಡಬ್ಬಿ ಮಾತ್ರ ನೀವು ಬಿಚ್ಚಬೇಡಿ. ಕರೆಂಟ್ ಕೂಡಿಟ್ಟುಕೊಳ್ಳುವ ಅದರ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು.

ಕರೆಂಟಿನ ಮಾತಿಗೆ ಬಂದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅನ್ನುವುದು ಹಳೆ ಮನೆಗಳಲ್ಲೆಲ್ಲ ಕೇಳುವ ದೂರು. ಟೆಸ್ಟರ್ ಮುಟ್ಟಿಸಿದರೆ ಮಂಕಾಗಿ ಹತ್ತುತ್ತದೆ. ಕಂಪ್ಯೂಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ಕಂಪ್ಯೂಟರ್ ಅಲ್ಲ, ಅರ್ಥಿಂಗ್. ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಒಂದು ಫೇಸಿನಿಂದ ಕ್ಯಾಬಿನೆಟ್ಟಿನ ಕಬ್ಬಿಣಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ಕಬ್ಬಿಣಕ್ಕೆ. ಕರೆಂಟಿನ ಗಲಾಟೆಯನ್ನು ಭೂಮಿಗೆ ಬಿಡುವುದು ಅವುಗಳ ಕೆಲಸ. ಭೂಮಿಯ ತಂತಿಯೇ ಇಲ್ಲದಿದ್ದರೆ? ಕಬ್ಬಿಣ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತದೆ. 230 ವೋಲ್ಟಿನ ಅರ್ಧ, ಸುಮಾರು 115 ವೋಲ್ಟ್ ಅದರ ಮೇಲೆ ನಿಲ್ಲುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಜುಮ್. ಆದರೆ ಅಸಡ್ಡೆ ಬೇಡ. ನಾಳೆ ನಿಜವಾಗಿ ಫೇಸ್ ಕಬ್ಬಿಣಕ್ಕೆ ತಾಗಿದರೆ ಅದಕ್ಕೂ ಭೂಮಿಗೆ ದಾರಿ ಇರುವುದಿಲ್ಲ, ನಿಮ್ಮ ಮೈ ಒಂದನ್ನು ಬಿಟ್ಟು. ಟೀವಿ, ಪ್ರಿಂಟರಿಗೆ ಕೇಬಲ್ ಚುಚ್ಚುವಾಗ ಪೋರ್ಟ್ ಸುಡುವುದಕ್ಕೂ ಇದು ಒಂದು ಕಾರಣ.

ಯಾವಾಗ ಜುಮ್ ಅನ್ನುತ್ತದೆ ಅನ್ನುವುದನ್ನು ಗಮನಿಸಿ. ವರ್ಷವಿಡೀ ಅನ್ನುತ್ತಿದ್ದರೆ ಅರ್ಥ್ ತಂತಿ ಪ್ಲಗ್ಗಿನವರೆಗೆ ಬಂದೇ ಇಲ್ಲ, ಅಥವಾ ಯಾರೋ ಮೂರನೇ ಪಿನ್ ಮುರಿದಿದ್ದಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಅನ್ನುತ್ತಿದ್ದರೆ ಅರ್ಥ್ ಗುಂಡಿ ಒಣಗಿರಬಹುದು. ಉಪ್ಪು, ಇದ್ದಿಲು ತುಂಬಿದ ಆ ಗುಂಡಿಗೆ ಕರೆಂಟ್ ಹಾಯಲು ತೇವ ಬೇಕು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಎರಡು ಕೊಡ ನೀರು ಹೊಯ್ದು ನೋಡಿ. ಕಂಪ್ಯೂಟರಿನ ಕಾಯಿಲೆಗೆ ಅಂಗಳದಲ್ಲಿ ನೀರು ಹಾಕುವುದನ್ನು ನೋಡಿ ಪಕ್ಕದ ಮನೆಯವರು ನಕ್ಕರೆ ನಗಲಿ.

ಸಿಡಿಲಿನ ಕಾಟ ನಮ್ಮಲ್ಲಿ ಆರಿದ್ರೆಯ ಜಡಿಮಳೆಯಲ್ಲಿ ಕಡಿಮೆ. ಭರಣಿ, ಕೃತ್ತಿಕೆಯ ಗುಡುಗಿನಲ್ಲಿ, ಮತ್ತೆ ಹಸ್ತ, ಚಿತ್ತೆಯ ಹಿಂಗಾರಿನಲ್ಲಿ ಜಾಸ್ತಿ. ಸಿಡಿಲು ಮನೆಗೇ ಬಡಿಯಬೇಕಾಗಿಲ್ಲ. ಅದು ಸಾವಿರಾರು ಆಂಪಿಯರ್ ಕರೆಂಟು. ದೂರದಲ್ಲಿ ಬಿದ್ದರೂ ಹತ್ತಿರದ ಉದ್ದ ತಂತಿಗಳಲ್ಲಿ ಒತ್ತಡ ಹುಟ್ಟಿಸುತ್ತದೆ. ನಮ್ಮ ಒಂಟಿ ಮನೆಗಳಿಗೋ ಟ್ರಾನ್ಸ್‌ಫಾರ್ಮರಿನಿಂದ ತೋಟ, ಗದ್ದೆ ದಾಟಿ ಬರುವ ಉದ್ದುದ್ದ ತಂತಿ. ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏಟು ತಡೆಯುತ್ತದೆ. ಪ್ರತಿ ಏಟಿಗೂ ಅದರ ಒಳಗಿನ ಭಾಗ ಸವೆಯುತ್ತದೆ, ಮೇಲಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಪ್ಲಗ್ ಕೀಳುವುದೇ ಸರಿ. ಸ್ವಿಚ್ ಆರಿಸಿದರೆ ಸಾಲದು, ಅದರೊಳಗಿನ ಸಣ್ಣ ಸಂದನ್ನು ಸಿಡಿಲು ಹಾರಬಲ್ಲದು. ಇಂಟರ್‌ನೆಟ್ ಕೇಬಲ್ಲನ್ನೂ ಕೀಳಿ. "ನಮ್ಮದು ಫೈಬರ್, ಗಾಜು, ಏನಾಗಲ್ಲ" ಅನ್ನುತ್ತಾರೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಬರುವ ಎಷ್ಟೋ ಫೈಬರ್ ಕೇಬಲ್ಲಿನಲ್ಲಿ ಎಳೆದು ಕಟ್ಟಲು ಉಕ್ಕಿನ ತಂತಿ ಇರುತ್ತದೆ. ಮೋಡೆಮ್ಮಿನ ಅಡಾಪ್ಟರ್ ಕರೆಂಟಿನಲ್ಲೇ ಇರುತ್ತದೆ. ಅಲ್ಲಿಂದ ಕಂಪ್ಯೂಟರಿಗೆ ಬರುವುದು ತಾಮ್ರ. ಕೀಳುವುದಾದರೆ ಗುಡುಗು ದೂರದಲ್ಲಿರುವಾಗಲೇ ಕೀಳಿ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ನೆತ್ತಿಯ ಮೇಲೆ ಬಂದ ಮೇಲೆ ಪ್ಲಗ್ಗಿನ ಹತ್ತಿರ ಕೈ ಹಾಕಬೇಡಿ.

ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ. ಆದರೂ ಮರ ಬಿದ್ದರೆ ನಮಗೆ ಮೂರು ದಿನ ಕತ್ತಲೆ, ಈ ತಮಾಷೆ ಎಲ್ಲರಿಗೂ ಗೊತ್ತು. ಆ ಮೂರು ದಿನದಲ್ಲಿ ಸಾಯುವುದು ಯುಪಿಎಸ್ ಬ್ಯಾಟರಿ. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ. ಖಾಲಿಯಾಗಿ ಹಾಗೇ ಕೂತರೆ ಅದರ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಗಟ್ಟಿ ಹರಳು ಬೆಳೆಯುತ್ತವೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಕರೆಂಟ್ ಹೋಯಿತಾ, ಫೈಲ್ ಉಳಿಸಿ, ಕಂಪ್ಯೂಟರ್ ಆರಿಸಿ, ಯುಪಿಎಸ್‌ನ ಗುಂಡಿಯನ್ನೂ ಆರಿಸಿ. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ. ಅದರ ಮೇಲೆ ಏನೂ ಹೊರೆ ಇಲ್ಲದಿದ್ದರೂ ಅದು ತನ್ನ ಬ್ಯಾಟರಿಯನ್ನು ತಾನೇ ತಿನ್ನುತ್ತಿರುತ್ತದೆ.

ಕತ್ತಲೆಯಲ್ಲಿ ಸವೆಯುವ ಇನ್ನೊಂದು ಸಾಮಾನು ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಸೆಲ್. ಹೆಸರು ಸಿಆರ್2032: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಅದರ ಕೆಲಸ ಗಡಿಯಾರ ಓಡಿಸುವುದು. ಡೆಸ್ಕ್‌ಟಾಪಿನ ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತು ಗಡಿಯಾರ ಅದನ್ನೇ ಕುಡಿಯುತ್ತದೆ. ಪ್ಲಗ್ ಕಿತ್ತಾಗ, ಕರೆಂಟ್ ಹೋದಾಗ ಸೆಲ್ಲಿನ ಸರದಿ. ಸಿಡಿಲಿಗೆ ಹೆದರಿ ಕಿತ್ತಿಡುವ ನಮ್ಮಲ್ಲಿ ಅದು ಬೇಗ ಮುಗಿದರೆ ಆಶ್ಚರ್ಯವೇನು?

ಹೊಸನಗರದ ಅತ್ತೆಯ ಮನೆಯಲ್ಲಿ ಹೀಗೇ ಆಯಿತು. ಯಾವ ವೆಬ್‌ಸೈಟೂ ತೆರೆಯದು. "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಅನ್ನುವ ಎಚ್ಚರಿಕೆ. ಅತ್ತೆ ಮೂರು ದಿನ ಇಂಟರ್‌ನೆಟ್ಟಿನವರಿಗೆ ಫೋನ್ ಮಾಡಿ ಬೈದರು. ನಾನು ಫೋನಿನಲ್ಲಿ ಕೇಳಿದ್ದು ಒಂದೇ: "ಅತ್ತೆ, ಪರದೆಯ ಮೂಲೆಯಲ್ಲಿ ಎಷ್ಟನೇ ಇಸವಿ ಇದೆ?" ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "2015 ಅಂತಿದೆ ಕಣೋ" ಅಂದರು. ಪ್ರತಿ ಸುರಕ್ಷಿತ ವೆಬ್‌ಸೈಟೂ ತನ್ನ ಗುರುತಿನ ಚೀಟಿ ತೋರಿಸುತ್ತದೆ. ಅದರಲ್ಲಿ ಎಂದಿನಿಂದ ಎಂದಿನವರೆಗೆ ಅನ್ನುವ ತಾರೀಖು ಇರುತ್ತದೆ. ಕಂಪ್ಯೂಟರ್ ತನ್ನ ಗಡಿಯಾರ ನೋಡಿ, ಇನ್ನೂ ಶುರುವೇ ಆಗದ ಚೀಟಿ ಇದು, ಏನೋ ಮೋಸ ಅಂದುಕೊಂಡು ಬಾಗಿಲು ಹಾಕುತ್ತದೆ. ಅದರ ತಪ್ಪಿಲ್ಲ ಪಾಪ. ತಾರೀಖು ಸರಿ ಮಾಡಿದ ಕೂಡಲೇ ಎಲ್ಲ ತೆರೆಯಿತು. ಸೆಲ್ ಹಾಕಿಸುವವರೆಗೆ ಪ್ಲಗ್ ಕಿತ್ತು ಹಾಕಿದಾಗಲೆಲ್ಲ ಮತ್ತೆ 2015. ಅತ್ತೆಗೆ ಹತ್ತು ವರ್ಷ ಕಮ್ಮಿಯಾದ ಖುಷಿ.

ಸಾಫ್ಟ್‌ವೇರಿನ ಬಗ್ಗೆ ಒಂದೇ ಮಾತು. ಪ್ರಿಂಟರ್ ಸಿಗುತ್ತಿಲ್ಲ, ಸದ್ದು ಬರುತ್ತಿಲ್ಲ ಅಂದರೆ ಎಲ್ಲರೂ ಶಟ್‌ಡೌನ್ ಮಾಡಿ ಮತ್ತೆ ಹಾಕುತ್ತಾರೆ. ವಿಂಡೋಸ್ 8 ಬಂದ 2012ರಿಂದ ಶಟ್‌ಡೌನ್ ಅಂದರೆ ಪೂರ್ತಿ ನಿದ್ದೆಯಲ್ಲ. ಬೇಗ ಏಳಲಿ ಅಂತ ವಿಂಡೋಸಿನ ಒಡಲಿನ ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಓದಿಕೊಳ್ಳುತ್ತದೆ. ನಿನ್ನೆಯ ಗೊಂದಲವೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ಇನ್ನು ಹಳೆ ಹಾರ್ಡ್ ಡಿಸ್ಕ್ ಇದ್ದು ಕಂಪ್ಯೂಟರ್ ತೆವಳುತ್ತಿದ್ದರೆ ತಿರುಗುವ ತಟ್ಟೆಯಿಲ್ಲದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿಸಿ, ಬೇರೆ ಯಾವ ಕಸರತ್ತೂ ಅಷ್ಟು ಕೆಲಸ ಮಾಡುವುದಿಲ್ಲ. ಫೋಟೋಗಳನ್ನು ಎರಡು ಕಡೆ ಇಡಿ, ಒಂದು ಬೇರೆ ಮನೆಯಲ್ಲಿರಲಿ. ನನ್ನ ಮಗಳ ನಾಮಕರಣದ ಫೋಟೋ ಈಗ ಇರುವುದು ಅತ್ತೆಯ ಫೋನಿಗೆ ಕಳಿಸಿದ್ದ ನಾಲ್ಕೇ ನಾಲ್ಕು.

ದೊಡ್ಡಪ್ಪ ವೈರಸ್ಸಿನ ವಾದವನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಬೆಚ್ಚಗಿನ ಗಾಳಿಯ ಲೆಕ್ಕ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಮೊದಲೆಲ್ಲ ಮಳೆಗಾಲದಲ್ಲಿ ಬೆಂಕಿಪೊಟ್ಟಣ ಇರುತ್ತಿದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ. ಗ್ಯಾಸ್ ಬಂದ ಮೇಲೆ ಆ ಅಟ್ಟಕ್ಕೂ ಥಂಡಿ. ಈಗ ಪೊಟ್ಟಣ ಇರುವುದು ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ. ಸಂಜೆ ದೇವರ ದೀಪಕ್ಕೆ ಅರ್ಧ ಗಂಟೆ ಮುಂಚೆ ಒಳಗಿನಿಂದ ಕೂಗು ಬರುತ್ತದೆ: "ಕಂಪ್ಯೂಟರ್ ಹಾಕಿದೀಯನೋ?"