ಸ್ಟ್ರಾಬೆರಿ ಪೈ ಒಳಗೆ ನೀರು, ತಳ ಹಸಿ: ತಪ್ಪು ಎಲ್ಲಿ?

ಓದುಗರ ಪ್ರಶ್ನೆ: ಮಹಾಬಳೇಶ್ವರದ ಸ್ಟ್ರಾಬೆರಿ ತಂದು ಪೈ ಮಾಡಿದೆ. ಮೇಲ್ಭಾಗ ಹೊಂಬಣ್ಣಕ್ಕೆ ಬಂದಿತ್ತು. ಕತ್ತರಿಸಿದರೆ ಒಳಗೆಲ್ಲ ನೀರು, ತಳದ ಹಿಟ್ಟು ಹಸಿಹಸಿ. ಜಾಮ್‌ ಥರ ಗಟ್ಟಿಯಾಗಲಿ ಅಂತ ಎರಡನೇ ಸಲ ನಿಂಬೆರಸ ಜಾಸ್ತಿ ಹಾಕಿ, ಕಿತ್ತಳೆ ರಸವನ್ನೂ ಸೇರಿಸಿದೆ. ಇನ್ನೂ ನೀರಾಯಿತು. ಏನು ತಪ್ಪಾಗ್ತಿದೆ?

ಡಿಸೆಂಬರಿನಿಂದ ಮಾರ್ಚ್‌ವರೆಗೆ ಮುಂಬೈ, ಠಾಣೆ, ಪುಣೆಯ ಓದುಗರಿಂದ ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಕೇಳುವವರು ಓವನ್ ಮೇಲೋ ಮೈದಾ ಮೇಲೋ ಅನುಮಾನಪಡುತ್ತಾರೆ. ದೋಷ ಬಹುಪಾಲು ಹೂರಣದ್ದು. ಹೋಳಿಗೆ ಹೂರಣ ತೆಳುವಾದರೆ ಕಣಕದೊಳಗೆ ತುಂಬುವ ಮೊದಲೇ ಬಾಣಲೆಗೆ ಹಾಕಿ ಆರಿಸಿಕೊಳ್ಳುತ್ತೇವಲ್ಲ, ಪೈಗೂ ಅದೇ ನ್ಯಾಯ. ಹಣ್ಣಿನ ನೀರನ್ನು ಓವನ್ನಿಗೆ ಹೋಗುವ ಮುಂಚೆಯೇ ಹೊರಗೆ ತೆಗೆದು, ಕುದಿಸಿ, ಗಟ್ಟಿ ಮಾಡಿಕೊಳ್ಳಬೇಕು.

ಸ್ಟ್ರಾಬೆರಿಯಲ್ಲಿ ಸುಮಾರು ಶೇ. 90 ನೀರೇ. 600 ಗ್ರಾಂ ಹಣ್ಣೆಂದರೆ ಅರ್ಧ ಲೀಟರಿಗೂ ಮಿಕ್ಕಿದ ನೀರು. ಸಕ್ಕರೆ ತಾಗಿದ ಕೂಡಲೇ ಅದು ಹೊರಬರತೊಡಗುತ್ತದೆ, ಬಿಸಿಗೆ ಹಣ್ಣು ಒಡೆದಾಗ ಉಳಿದದ್ದೂ ಹರಿಯುತ್ತದೆ. ಹಸಿ ಹಣ್ಣಿಗೆ ಸಕ್ಕರೆ, ಕಾರ್ನ್‌ಫ್ಲೋರ್ ಬೆರೆಸಿ ನೇರವಾಗಿ ತುಂಬಿದರೆ ಈ ನೀರೆಲ್ಲ ಮೊದಲು ಇಳಿಯುವುದು ತಳದ ಹಿಟ್ಟಿಗೆ. ಒದ್ದೆಯಾದ ಹಿಟ್ಟು ಬೇಯುವುದಿಲ್ಲ, ಅಂಟಾಗುತ್ತದೆ.

ಇನ್ನು ನಿಂಬೆಯ ವಿಷಯ. ಗೊಂದಲವೆಲ್ಲ ಇಲ್ಲೇ ಇದೆ. ನಿಂಬೆರಸ ಹಾಕಿದರೆ ಜಾಮ್ ಗಟ್ಟಿಯಾಗುತ್ತದೆ ಎನ್ನುವುದು ನಿಜ. ಆದರೆ ಜಾಮ್ ನಿಲ್ಲುವುದು ಹಣ್ಣಿನಲ್ಲೇ ಇರುವ ಪೆಕ್ಟಿನ್ ಎಂಬ ಅಂಟಿನ ಬಲದಿಂದ, ಮತ್ತು ಸಾಮಾನ್ಯ ಪೆಕ್ಟಿನ್ ಕಟ್ಟಿಕೊಳ್ಳಬೇಕಾದರೆ ಹುಳಿಯ ಜೊತೆಗೆ ಶೇ. 60ಕ್ಕೂ ಹೆಚ್ಚು ಸಕ್ಕರೆ ಬೇಕು. ಪೈಯಲ್ಲಿ ಅಷ್ಟು ಸಕ್ಕರೆ ಹಾಕಿದರೆ ಯಾರೂ ತಿನ್ನಲಾರರು. ಸ್ಟ್ರಾಬೆರಿಯಲ್ಲಿ ಪೆಕ್ಟಿನ್ ಕೂಡ ಕಡಿಮೆ. ನಿಂಬೆ, ಕಿತ್ತಳೆಗಳಲ್ಲಿ ಪೆಕ್ಟಿನ್ ಧಾರಾಳವಾಗಿದೆ ನಿಜ, ಆದರೆ ಅದು ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ. ಹಿಂಡಿದ ರಸದಲ್ಲಿ ಅತ್ಯಲ್ಪ. ಹಾಗಾಗಿ ಪೈ ಹೂರಣವನ್ನು ಹಿಡಿದು ನಿಲ್ಲಿಸುವ ಕೆಲಸ ಪಿಷ್ಟದ್ದು, ಅಂದರೆ ಕಾರ್ನ್‌ಫ್ಲೋರಿನದು. ಆ ಪಿಷ್ಟಕ್ಕೆ ಹುಳಿ ಆಗದು. ಹುಳಿಯ ಜೊತೆ ಬಹಳ ಹೊತ್ತು ಕುದಿದರೆ ಪಿಷ್ಟದ ಉದ್ದನೆಯ ಸರಪಳಿಗಳು ತುಂಡಾಗಿ, ಗಟ್ಟಿಯಾಗಿದ್ದದ್ದು ಮತ್ತೆ ತೆಳುವಾಗುತ್ತದೆ. ಜಾಮಿಗೆ ನೆರವಾಗುವ ನಿಂಬೆಯೇ ಪೈಯನ್ನು ಕೆಡಿಸಿದ್ದು ಹೀಗೆ. ನಿಂಬೆಯನ್ನು ಬಿಡಬೇಕಿಲ್ಲ, ಅದಿಲ್ಲದಿದ್ದರೆ ಸ್ಟ್ರಾಬೆರಿ ಪೈ ಬರೀ ಸಿಹಿ. ಅಳತೆ ಮಿತವಾಗಿರಲಿ, ಒಲೆ ಆರಿಸಿದ ಮೇಲೆ ಹಾಕಿ.

ಹೂರಣ

8 ಇಂಚಿನ ಟಿನ್ನಿಗೆ: ತೊಟ್ಟು ತೆಗೆದ ಸ್ಟ್ರಾಬೆರಿ 600 ಗ್ರಾಂ, ಸಕ್ಕರೆ 100 ಗ್ರಾಂ, ಕಾರ್ನ್‌ಫ್ಲೋರ್ ಮಟ್ಟಸವಾಗಿ 3 ಟೇಬಲ್ ಚಮಚ, ಕಿತ್ತಳೆ ರಸ 3 ಟೇಬಲ್ ಚಮಚ, ಒಂದು ಕಿತ್ತಳೆಯ ಸಿಪ್ಪೆಯ ತುರಿ, ನಿಂಬೆರಸ 1 ಟೇಬಲ್ ಚಮಚ, ಚಿಟಿಕೆ ಉಪ್ಪು.

ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ಪೈಗೆ ಊರಿನ ಹೆಸರಿಗಿಂತ ಹಣ್ಣಿನ ಗಟ್ಟಿತನ ಮುಖ್ಯ. ಮಂಡಿಯಲ್ಲಿ ಕೊಳ್ಳುವಾಗ ಡಬ್ಬಿಯನ್ನು ತಲೆಕೆಳಗೆ ಮಾಡಿ ನೋಡಿ. ಮೇಲಿನ ಸಾಲು ಯಾವಾಗಲೂ ಚೆಂದವೇ ಇರುತ್ತದೆ. ತಳದಲ್ಲಿ ಕೆಂಪು ನೀರು ಕಂಡರೆ ಹಣ್ಣು ಆಗಲೇ ಜಜ್ಜಿಹೋಗಿದೆ ಎಂದರ್ಥ. ತೊಳೆಯುವುದು ತೊಟ್ಟು ಸಮೇತ. ತೊಟ್ಟು ಕಿತ್ತ ಮೇಲೆ ತೊಳೆದರೆ ಆ ಗುಳಿಯಲ್ಲಿ ನೀರು ನಿಲ್ಲುತ್ತದೆ. ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ, ಚಿಕ್ಕದನ್ನು ಎರಡಾಗಿ, ದೊಡ್ಡದನ್ನು ನಾಲ್ಕಾಗಿ ಕತ್ತರಿಸಿ.

ಸಕ್ಕರೆ, ಉಪ್ಪು ಬೆರೆಸಿ 45 ನಿಮಿಷದಿಂದ ಒಂದು ಗಂಟೆ ಬಿಡಿ. ಜರಡಿಗೆ ಸುರಿದರೆ ಕೆಳಗೆ ಅರ್ಧದಿಂದ ಮುಕ್ಕಾಲು ಕಪ್ ರಸ ಇಳಿದಿರುತ್ತದೆ. ಅರ್ಧ ಕಪ್ಪಿಗಿಂತ ಹೆಚ್ಚಿದ್ದರೆ ಚಿಕ್ಕ ಪಾತ್ರೆಯಲ್ಲಿ ಅರ್ಧ ಕಪ್ಪಿಗೆ ಇಳಿಯುವವರೆಗೆ ಕುದಿಸಿ. ಕಾರ್ನ್‌ಫ್ಲೋರನ್ನು ತಣ್ಣಗಿನ ಕಿತ್ತಳೆ ರಸದಲ್ಲಿ ಗಂಟಿಲ್ಲದಂತೆ ಕಲಸಿ, ಉರಿ ಸಣ್ಣ ಮಾಡಿ ಸುರಿಯುತ್ತಾ ಕದಡಿ. ನಡುವೆ ಗುಳ್ಳೆ ಎದ್ದ ಮೇಲೆ ಒಂದು ನಿಮಿಷ ಕುದಿಯಲೇಬೇಕು. ಕಾರ್ನ್‌ಫ್ಲೋರ್ 65 ಡಿಗ್ರಿಯ ಆಸುಪಾಸಿನಲ್ಲೇ ಉಬ್ಬತೊಡಗಿದರೂ ಪೂರ್ತಿ ಗಟ್ಟಿಯಾಗಲು 95 ಡಿಗ್ರಿ ಮುಟ್ಟಬೇಕು. ಅರೆಬೆಂದದ್ದು ಬಾಯಲ್ಲಿ ಸುಣ್ಣ ಸುಣ್ಣ, ತಣಿದ ಮೇಲೆ ನೀರನ್ನೂ ಬಿಡುತ್ತದೆ. ಈ ಹಂತದಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದರೆ ಗಾಬರಿ ಬೇಡ. ಓವನ್ನಿನಲ್ಲಿ ಹಣ್ಣು ಬಿಡುವ ನೀರಿಗೂ ಇದೇ ಸಾಕಾಗಬೇಕು. ಒಲೆಯಿಂದ ಇಳಿಸಿ ನಿಂಬೆರಸ, ತುರಿ, ಹಣ್ಣು ಸೇರಿಸಿ ಪೂರ್ತಿ ತಣಿಸಿ. ಬೆಚ್ಚಗಿನ ಹೂರಣ ಕಣಕದ ಬೆಣ್ಣೆಯನ್ನು ಕರಗಿಸಿಬಿಡುತ್ತದೆ.

ಕಾರ್ನ್‌ಫ್ಲೋರಿಗೆ ಬದಲು ಸಾಬುದಾನಿ ಆಗುತ್ತದೆ, ನಮ್ಮ ಮಟ್ಟಿಗೆ ಅದೇ ಮೇಲು. ಮಹಾರಾಷ್ಟ್ರದಲ್ಲಿ ಉಪವಾಸದ ನೆಪದಲ್ಲಿ ಎಲ್ಲರ ಮನೆಯಲ್ಲೂ ಇದ್ದೇ ಇರುತ್ತದೆ. ಮರಗೆಣಸಿನ ಈ ಪಿಷ್ಟ ಹುಳಿಯನ್ನು ಇನ್ನಷ್ಟು ತಡೆದುಕೊಳ್ಳುತ್ತದೆ, ಹೂರಣ ಮಬ್ಬಾಗದೆ ಗಾಜಿನಂತೆ ಹೊಳೆಯುತ್ತದೆ. ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ, ಜರಡಿ ಹಿಡಿದು ಅಷ್ಟೇ ಅಳತೆ ಹಾಕಿ. ಜರಡಿ ಹಿಡಿಯದಿದ್ದರೆ ತರಿ ಅಲ್ಲಲ್ಲಿ ಹಲ್ಲಿಗೆ ಸಿಗುತ್ತದೆ.

ನಾಗಪುರದ ಕಿತ್ತಳೆಯ ಸಿಪ್ಪೆ ಸಡಿಲ. ಸುಲಿದ ಮೇಲೆ ತುರಿಯಲು ಹೋದರೆ ಆಗುವುದಿಲ್ಲ. ಇಡೀ ಹಣ್ಣನ್ನು ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು, ಬಣ್ಣದ ಪದರವನ್ನಷ್ಟೇ ಹಗುರವಾಗಿ ತುರಿಯಿರಿ. ಬಿಳಿ ಪದರ ಬಂತೆಂದರೆ ಕಹಿ. ಮೂಸಂಬಿ ರಸ ಬೇಡ, ಹಿಂಡಿ ಇಟ್ಟರೇ ಕಹಿಯಾಗುವ ಹಣ್ಣು ಅದು. ಕಿತ್ತಳೆ ತೊಳೆಗಳನ್ನು ಹೂರಣದಲ್ಲಿ ಬೇಯಿಸಬೇಡಿ. ನೀರು ಬಿಟ್ಟು ನಾರಷ್ಟೇ ಉಳಿಯುತ್ತದೆ. ಬೇಕಿದ್ದರೆ ಪೊರೆ ಬಿಡಿಸಿ, ಬಡಿಸುವಾಗ ಮೇಲಿಡಿ.

ಕಣಕ

ಮೈದಾ 250 ಗ್ರಾಂ, ಫ್ರಿಜ್ಜಿನ ಗಟ್ಟಿ ಬೆಣ್ಣೆ 150 ಗ್ರಾಂ, ಸಕ್ಕರೆ 1 ಟೇಬಲ್ ಚಮಚ, ಐಸ್ ನೀರು 60ರಿಂದ 70 ಮಿಲಿ. ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಬೆಣ್ಣೆಯನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ, ಮೈದಾ ಬಟ್ಟಲಿನ ಸಮೇತ 20 ನಿಮಿಷ ಫ್ರೀಜರಿನಲ್ಲಿಡಿ. ಪುಣೆಯ ಡಿಸೆಂಬರಿನಲ್ಲಿ ಇದು ಬೇಕೇ ಬೇಕೆಂದಿಲ್ಲ, ಮುಂಬೈ ಅಡುಗೆಮನೆಯಲ್ಲಿ ಬಿಟ್ಟರೆ ಕೆಟ್ಟಿತು. ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಪೂರ್ತಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಅಂಗೈ ಬಿಸಿಯೇ ಸಾಕು. ಬೆರಳ ತುದಿಯಲ್ಲಿ ಉಜ್ಜಿ, ಕಡಲೆಕಾಳಿನ ಗಾತ್ರದ ತುಣುಕುಗಳು ಅಲ್ಲಲ್ಲಿ ಕಾಣುವಾಗಲೇ ನಿಲ್ಲಿಸಿ. ಪದರ ಏಳುವುದು ಆ ತುಣುಕುಗಳಿಂದ. ಓವನ್ನಿನ ಬಿಸಿಗೆ ಅವು ಕರಗಿ, ಅವುಗಳಲ್ಲಿರುವ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ. ತುಪ್ಪದಲ್ಲಿ ನೀರಿಲ್ಲ, ಹಾಗಾಗಿ ತುಪ್ಪದ ಕಣಕ ನಾನ್‌ಖಟಾಯಿಯ ಹಾಗೆ ಪುಡಿಯಾಗುತ್ತದೆ, ಪದರ ಬಿಡುವುದಿಲ್ಲ. ರುಚಿಗೇನೂ ಕೊರತೆಯಿಲ್ಲ. ಡಾಲ್ಡಾ ಸೆಖೆಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಅಂಗುಳಿಗೆ ಮೆತ್ತಿಕೊಳ್ಳುತ್ತದೆ.

ನೀರನ್ನು ಚಮಚ ಚಮಚವಾಗಿ ಚಿಮುಕಿಸಿ, ಹಿಡಿದರೆ ಉಂಡೆ ನಿಲ್ಲುವಷ್ಟಾದರೆ ಸಾಕು. ಚಪಾತಿ ಹಿಟ್ಟು ನಾದಿ ಅಭ್ಯಾಸವಾದ ಕೈ ಇಲ್ಲಿ ಸುಮ್ಮನಿರುವುದಿಲ್ಲ. ನಾದಿದರೆ ಮೈದಾದ ಜಿಗುಟು ಎದ್ದು, ಬೇಯುವಾಗ ಅಂಚು ಕುಗ್ಗಿ ಟಿನ್ನಿನೊಳಕ್ಕೆ ಜಾರುತ್ತದೆ. ಮೂರರಲ್ಲಿ ಎರಡು ಪಾಲು ತಳಕ್ಕೆ, ಒಂದು ಪಾಲು ಮೇಲಿನ ಜಾಲರಿಗೆ. ಎರಡನ್ನೂ ಚಪ್ಪಟೆ ಬಿಲ್ಲೆ ಮಾಡಿ, ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ. ಟಿನ್ನಿಗೆ ಹಾಸುವಾಗ ಎಳೆಯಬೇಡಿ. ಎಳೆದಷ್ಟೂ ಮತ್ತೆ ಕುಗ್ಗುತ್ತದೆ. ಹೂರಣ ತುಂಬುವ ಮೊದಲು ತಳಕ್ಕೆ ಒಂದು ಟೇಬಲ್ ಚಮಚ ಹುರಿದ ಚಿರೋಟಿ ರವೆ ಉದುರಿಸಿ. ತಪ್ಪಿಸಿಕೊಂಡು ಬರುವ ರಸವನ್ನು ಅದು ಹೀರಿಕೊಳ್ಳುತ್ತದೆ, ತಿನ್ನುವಾಗ ಇದ್ದದ್ದೇ ಗೊತ್ತಾಗುವುದಿಲ್ಲ. ಒಂದು ಸೆಂ.ಮೀ. ಅಗಲದ ಪಟ್ಟಿಗಳನ್ನು ಜಾಲರಿಯಾಗಿ ಹೆಣೆಯಿರಿ. ಹಬೆ ಹೋಗಲು ದಾರಿ ಬೇಕಾದ್ದರಿಂದ ರಸಭರಿತ ಹಣ್ಣಿಗೆ ಪೂರ್ತಿ ಮುಚ್ಚಳಕ್ಕಿಂತ ಜಾಲರಿಯೇ ಸರಿ. ಜೋಡಿಸಿದ ಪೈಯನ್ನು 15 ನಿಮಿಷ ಫ್ರೀಜರಿನಲ್ಲಿಟ್ಟು ಓವನ್ನಿಗೆ ಹಾಕಿ.

ಓವನ್

ಮನೆಯ ಒಟಿಜಿ (ಓವನ್-ಟೋಸ್ಟರ್-ಗ್ರಿಲ್) ಚಿಕ್ಕದು. ಮೇಲಿನ ರಾಡ್ ಪೈಗೆ ತೀರಾ ಹತ್ತಿರ, ತಳ ಬೇಯುವ ಮೊದಲೇ ಮೇಲೆ ಬಣ್ಣ ಬಂದುಬಿಡುತ್ತದೆ. ನಿಮ್ಮ ಪೈಗೂ ಆದದ್ದು ಇದೇ. ಕೆಳಗಿನ ತಂತಿ ಕಪಾಟಿನ ಮೇಲೆ ಓವನ್ನಿನ ಕಪ್ಪು ಟ್ರೇ ಅಥವಾ ಹಿಡಿಯಿಲ್ಲದ ಕಬ್ಬಿಣದ ತವಾ ಇಟ್ಟು 200 ಡಿಗ್ರಿಯಲ್ಲಿ 20 ನಿಮಿಷ ಕಾಯಿಸಿ. ಟಿನ್ನನ್ನು ಆ ಬಿಸಿ ತವಾದ ಮೇಲೆಯೇ ಇಡಿ. ಮೊದಲ 20 ನಿಮಿಷ ಕೆಳಗಿನ ರಾಡ್ ಮಾತ್ರ, ಆಮೇಲೆ ಎರಡೂ ರಾಡ್, 180 ಡಿಗ್ರಿ, 30ರಿಂದ 35 ನಿಮಿಷ. ಮೇಲೆ ಬೇಗ ಕೆಂಪಾದರೆ ಫಾಯಿಲ್ ಹೊದಿಸಿ. ಗಡಿಯಾರ ನಂಬಬೇಡಿ. ಅಂಚಿನಲ್ಲಷ್ಟೇ ಅಲ್ಲ, ನಡುಮಧ್ಯದ ಕಿಂಡಿಯಲ್ಲೂ ದಪ್ಪ ಗುಳ್ಳೆಗಳು ನಿಧಾನವಾಗಿ ಏಳಬೇಕು. ಚಿಟಪಟ ಅನ್ನುವ ತೆಳು ಗುಳ್ಳೆಯಾದರೆ ಇನ್ನೂ ಐದು ನಿಮಿಷ ಬೇಕು.

ಟಿನ್ ಕಪ್ಪು ಬಣ್ಣದ್ದಾದರೆ ತಳ ಬೇಗ ಬೇಯುತ್ತದೆ, ಹೊಳೆಯುವ ಅಲ್ಯುಮಿನಿಯಂ ಬಿಸಿಯನ್ನು ಹಿಂದಕ್ಕೆ ಹೊಡೆಯುತ್ತದೆ. ಕ್ರಾಫರ್ಡ್ ಮಾರ್ಕೆಟ್ ಸುತ್ತಮುತ್ತಲಿನ ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಗಾಜಿನ ಪಾತ್ರೆಯಲ್ಲಿ ತಳದ ಬಣ್ಣ ಎತ್ತಿ ನೋಡಬಹುದು, ಆದರೆ ಫ್ರೀಜರಿನಿಂದ ತೆಗೆದ ಗಾಜನ್ನು ಬಿಸಿ ತವಾದ ಮೇಲೆ ಇಡಲೇಬಾರದು, ಸೀಳಿಹೋದೀತು. ಕನ್ವೆಕ್ಷನ್ ಮೈಕ್ರೋವೇವಿನಲ್ಲಿ ಸಾಮಾನ್ಯವಾಗಿ ಕೆಳಗೆ ರಾಡ್ ಇರುವುದಿಲ್ಲ, ಬಿಸಿಗಾಳಿ ಮಾತ್ರ. ಅಲ್ಲಿ ಕನ್ವೆಕ್ಷನ್ ಮೋಡಿನಲ್ಲೇ ಇಟ್ಟು, ಕುಳ್ಳ ಸ್ಟ್ಯಾಂಡ್ ಮೇಲೆ ಲೋಹದ ಟಿನ್ನಿನಲ್ಲಿ 10 ನಿಮಿಷ ಹೆಚ್ಚು ಬೇಯಿಸಬೇಕು.

ಹೊರತೆಗೆದ ಪೈಯನ್ನು ಕನಿಷ್ಠ ಮೂರು-ನಾಲ್ಕು ಗಂಟೆ ಮುಟ್ಟಬೇಡಿ. ಪಿಷ್ಟ ಕಟ್ಟಿಕೊಳ್ಳುವುದು ತಣಿಯುವಾಗ. ಎಲ್ಲ ಸರಿಯಾಗಿ ಮಾಡಿ ಅರ್ಧ ಗಂಟೆಗೇ ಚಾಕು ಹಾಕಿ "ನೀರಾಯಿತು" ಎನ್ನುವವರೂ ಕಡಿಮೆಯಿಲ್ಲ.

ಬೇರೆ ಹಣ್ಣು

ಹಿಪ್ಪುನೇರಳೆಯ ತೊಟ್ಟನ್ನು ಕತ್ತರಿಯಿಂದ ಕತ್ತರಿಸಬೇಕು, ಎಳೆದರೆ ಹಣ್ಣು ಹಿಸುಕಿಹೋಗುತ್ತದೆ. ಅದರಲ್ಲಿ ಹುಳಿ ಕಡಿಮೆ. 500 ಗ್ರಾಮಿಗೆ ಸಕ್ಕರೆ 80 ಗ್ರಾಂ ಸಾಕು, ನಿಂಬೆ ಒಂದೂವರೆ ಚಮಚಕ್ಕೆ ಏರಲಿ. ಕಾಗದದಂಥ ಸಿಪ್ಪೆಯೊಳಗೆ ಬರುವ ಹಳದಿ ರಸಭರಿ ಸಿಕ್ಕರೆ 100 ಗ್ರಾಂ ಸ್ಟ್ರಾಬೆರಿ ಕಡಿಮೆ ಮಾಡಿ ಅದನ್ನು ಸೇರಿಸಿ. ಹುಳಿಯನ್ನೂ ಪೆಕ್ಟಿನ್ನನ್ನೂ ಅದೇ ತರುತ್ತದೆ. ಬೇಸಿಗೆಯಲ್ಲಿ ಘಟ್ಟದಿಂದ ಬರುವ ಕರವಂದ, ನಮ್ಮ ಕವಳಿ ಹಣ್ಣು, ಬೀಜ ತೆಗೆಯುವ ತಾಳ್ಮೆ ಇದ್ದವರಿಗೆ. ಫ್ರೋಜನ್ ಬೆರಿಯಾದರೆ ಜರಡಿಯಲ್ಲೇ ಕರಗಲು ಬಿಟ್ಟು, ಇಳಿದ ರಸವನ್ನು ಮೇಲೆ ಹೇಳಿದಂತೆಯೇ ಕುದಿಸಿ.

ನಿಂಬೆಯೇ ಮುಖ್ಯವಾಗಬೇಕೆಂದರೆ ಅದಕ್ಕೆ ಪಿಷ್ಟದ ದಾರಿ ಬಿಟ್ಟು ಹಾಲಿನ ದಾರಿ ಹಿಡಿಯಿರಿ. ಕಂಡೆನ್ಸ್ಡ್ ಮಿಲ್ಕ್ ಒಂದು ಡಬ್ಬಿ (ಸುಮಾರು 400 ಗ್ರಾಂ), ಡೇರಿಯಲ್ಲಿ ಶ್ರೀಖಂಡಕ್ಕೆಂದು ಮಾರುವ ಸಪ್ಪೆ ಚಕ್ಕಾ (ನೀರು ಬಸಿದ ಗಟ್ಟಿ ಮೊಸರು) 200 ಗ್ರಾಂ, ನಿಂಬೆರಸ 60 ಮಿಲಿ, ಎರಡು ನಿಂಬೆಯ ತುರಿ. ಇಲ್ಲಿ ಹುಳಿ ಹಾಲಿನ ಪ್ರೋಟೀನನ್ನು ಗಟ್ಟಿ ಮಾಡುತ್ತದೆ, ಆದ್ದರಿಂದ ಕದಡುವಾಗಲೇ ದಪ್ಪವಾಗುವುದು ಕಾಣುತ್ತದೆ. ಮೊಟ್ಟೆ ಬೇಕಿಲ್ಲ. ಇದಕ್ಕೆ ತಳವನ್ನಷ್ಟೇ ಮೊದಲು ಬೇಯಿಸಿಕೊಳ್ಳಬೇಕು: ಹಾಸಿದ ಕಣಕಕ್ಕೆ ಫೋರ್ಕಿನಿಂದ ಚುಚ್ಚಿ, ಬಟರ್ ಪೇಪರ್ ಹಾಸಿ, ಅಂಚಿನವರೆಗೆ ಒಣ ರಾಜ್ಮಾ ತುಂಬಿ 200 ಡಿಗ್ರಿಯಲ್ಲಿ 20 ನಿಮಿಷ, ಕಾಳು ತೆಗೆದು ಇನ್ನೂ 10 ನಿಮಿಷ. (ಆ ಕಾಳನ್ನು ಡಬ್ಬಿಯಲ್ಲಿಟ್ಟು ಮುಂದಿನ ಪೈಗೆ ಬಳಸಿ, ಸಾರಿಗಲ್ಲ.) ಮಿಶ್ರಣ ಸುರಿದು 160 ಡಿಗ್ರಿಯಲ್ಲಿ 15ರಿಂದ 20 ನಿಮಿಷ, ಅಂಚು ನಿಂತು ನಡುವೆ ಸ್ವಲ್ಪ ಅಲುಗುವಾಗ ತೆಗೆದು, ತಣಿದ ಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಹಸಿ ಸ್ಟ್ರಾಬೆರಿ ಬಡಿಸುವ ಮುಂಚೆಯಷ್ಟೇ ಮೇಲೆ ಬರಲಿ.

ಹಣ್ಣಿನ ಪೈ ಮಾಡಿದ ದಿನವೇ ಚೆನ್ನ. ಮುಂಬೈಯ ಗಾಳಿಯ ತೇವಕ್ಕೆ ಸಂಜೆಯ ಹೊತ್ತಿಗೆ ಅಂಚಿನ ಗರಿಗರಿ ಇಳಿಯತೊಡಗುತ್ತದೆ, ಪುಣೆಯ ಚಳಿಗಾಲದಲ್ಲಿ ಮರುದಿನದವರೆಗೂ ಪರವಾಗಿಲ್ಲ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು, ತಿನ್ನುವ ಮುಂಚೆ ಒಟಿಜಿಯಲ್ಲಿ 160 ಡಿಗ್ರಿಗೆ 10 ನಿಮಿಷ ಬಿಸಿ ಮಾಡಿ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಹೂರಣ ಕುದಿಯುತ್ತದೆ, ಹಿಟ್ಟು ತೊಗಲಾಗುತ್ತದೆ.