ಟೆನ್ಶನ್‌ಗೆ ಅಂತ ಸೇದುವ ಬೀಡಿ ಕಾಲಿನ ರಕ್ತನಾಳಕ್ಕೆ ಏನು ಮಾಡುತ್ತದೆ?

ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಕಾಲಿಗೆ ರಕ್ತ ಸಾಲುತ್ತಿಲ್ಲ ಎನ್ನುವುದರ ಗುರುತು ಅದು. ಹೀಗೆ ಬರುವವರಲ್ಲಿ ಹೆಚ್ಚಿನವರು ಬೀಡಿ, ಸಿಗರೇಟು ಸೇದುವವರೇ. ಬಿಡಿ ಎಂದರೆ ಒಂದೇ ಉತ್ತರ: "ಟೆನ್ಶನ್ ಡಾಕ್ಟ್ರೇ, ಒಂದು ಸೇದಿದರೆ ತಲೆ ಹಗುರ ಆಗುತ್ತೆ."

ಅವರು ಸುಳ್ಳು ಹೇಳುತ್ತಿಲ್ಲ. ಹಗುರ ಆಗುವುದು ನಿಜ. ಆದರೆ ಆ ಹೊತ್ತಿಗೆ ಮೈಯೊಳಗೆ ನಡೆಯುವುದೇ ಬೇರೆ.

ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟುತ್ತದೆ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಬರುತ್ತದೆ, ಅದು ರಕ್ತನಾಳಗಳನ್ನು ಹಿಂಡುತ್ತದೆ. ಕಾರ್ಟಿಸೋಲ್ ಕೂಡ ಏರುತ್ತದೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಏರುವ ಹಾರ್ಮೋನುಗಳೇ ಇವು. ನಾಡಿ ನಿಮಿಷಕ್ಕೆ 10–15 ಬಡಿತ ಜಾಸ್ತಿ ಆಗುತ್ತದೆ, ಬಿಪಿಯೂ ಏರುತ್ತದೆ. ಮತ್ತೆ ಹಗುರ ಯಾಕೆ? ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಆಗ ಚಡಪಡಿಕೆ, ಸಿಟ್ಟು ಶುರು. ಮುಂದಿನ ಬೀಡಿ ಅದನ್ನಷ್ಟೇ ತಣಿಸುತ್ತದೆ. ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಿದ ಹಾಗೆ, ಅಲ್ವಾ?

ಆರೋಗ್ಯವಾಗಿರುವ ರಕ್ತನಾಳ ಈ ಏಟನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಅದರ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಸಡಿಲ ಮಾಡುತ್ತದೆ. ಕೊಬ್ಬು ಕಟ್ಟಿದ ನಾಳದಲ್ಲಿ ಆ ಪದರವೇ ಹಾಳಾಗಿರುತ್ತದೆ. ನಾರ್‌ಅಡ್ರಿನಲಿನ್ ಹಿಂಡಿದರೆ ಎದುರು ನಿಲ್ಲುವವರೇ ಇಲ್ಲ. ಮೊದಲೇ ಕಿರಿದಾದ ದಾರಿ ಇನ್ನೂ ಕಿರಿದಾಗುತ್ತದೆ. ಜೊತೆಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ರಕ್ತ ಹೆಪ್ಪುಗಟ್ಟುವ ಭಯ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಿತ್ತುಕೊಳ್ಳುತ್ತದೆ. ಜೋರಾಗಿ ಬಡಿಯುವ ಹೃದಯ ಹೆಚ್ಚು ಕೇಳುತ್ತಿರುವಾಗಲೇ ಸಿಗುವುದು ಕಡಿಮೆ.

ನನಗೆ ಹೆಚ್ಚು ಸಂಕಟ ಆಗುವುದು ಬರ್ಗರ್ ಕಾಯಿಲೆ ನೋಡಿದಾಗ. ತಂಬಾಕಿನಿಂದ ಕೈಕಾಲಿನ ಸಣ್ಣ ರಕ್ತನಾಳಗಳು ಊದಿ, ಹೆಪ್ಪುಗಟ್ಟಿ ಮುಚ್ಚಿಹೋಗುವ ಕಾಯಿಲೆ ಇದು. 1908ರಲ್ಲಿ ನ್ಯೂಯಾರ್ಕ್‌ನ ಡಾ. ಲಿಯೋ ಬರ್ಗರ್ ಇದನ್ನು ವಿವರಿಸಿದರು. ನಮ್ಮಲ್ಲಿ ಬೀಡಿ ಸೇದುವ ಯುವಕರಲ್ಲಿ ಕಾಣುತ್ತೇವೆ. ಇನ್ನೂ ನಲವತ್ತೈದು ದಾಟಿರುವುದಿಲ್ಲ, ಕಾಲ್ಬೆರಳು ಕಪ್ಪಾಗಿರುತ್ತದೆ. "ದಿನಕ್ಕೆ ಎರಡಕ್ಕೆ ಇಳಿಸಿದ್ದೀನಿ" ಅನ್ನುತ್ತಾರೆ. ಆ ಎರಡೇ ಕಾಯಿಲೆಯನ್ನು ಜೀವಂತ ಇಡಲು ಸಾಕು. ಬೀಡಿ ಬಿಡಲು ನೆರವಾಗುವ, ಅಗಿಯುವ ನಿಕೋಟಿನ್ ಗಮ್ಮನ್ನೂ ಇವರಿಗೆ ನಾನು ಕೊಡುವುದಿಲ್ಲ. ಉಳಿದ ರಕ್ತನಾಳ ರೋಗಿಗಳಿಗೆ ಗಮ್, ಪ್ಯಾಚ್ ಹೊಗೆಗಿಂತ ಎಷ್ಟೋ ವಾಸಿ. ಆದರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಬಿಟ್ಟ ಮೇಲೆ ಮೊದಲ ಎರಡು ಮೂರು ದಿನ ತುಂಬಾ ಕಷ್ಟ. ನಿದ್ದೆ ಬರುವುದಿಲ್ಲ, ಸುಮ್ನೆ ಸಿಟ್ಟು ಬರುತ್ತದೆ. ಮೂರು ನಾಲ್ಕು ವಾರಕ್ಕೆ ಹತೋಟಿಗೆ ಬರುತ್ತದೆ. ಆಮೇಲೆ ಹೆಚ್ಚಿನವರಿಗೆ ಟೆನ್ಶನ್ ಸೇದುತ್ತಿದ್ದ ಕಾಲಕ್ಕಿಂತ ಕಡಿಮೆಯೇ ಇರುತ್ತದೆ. ಇದನ್ನು ನನಗೆ ಮೊದಲು ಹೇಳುವವರು ಅವರ ಹೆಂಡತಿಯರು. ಬಿಡುವ ದಿನ ಗೊತ್ತು ಮಾಡಿ, ಮನೆಯವರಿಗೆ ಮೊದಲೇ ತಿಳಿಸಿ. ಸಿಗರೇಟು ಪ್ಯಾಕಿನ ಮೇಲೆ 1800-11-2356 ಅಂತ ನಂಬರ್ ಇರುತ್ತದೆ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ ಅದು. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಆ ಮೊದಲ ಮೂರು ದಿನ ಕೈ ಬೀಡಿ ಹುಡುಕಿದಾಗ ಫೋನ್ ಎತ್ತಿಕೊಳ್ಳಿ.