ಶಾಲೆಯಲ್ಲಿ ಕಲಾ ಚಿಕಿತ್ಸೆ: ಯಾವ ಮಗುವಿನ ಕೈಗೆ ಏನು ಕೊಡಬೇಕು?

ಮೈಸೂರು, ಮಂಡ್ಯ ಕಡೆ ಬಿ.ಇಡಿ. ಅಥವಾ ವಿಶೇಷ ಶಿಕ್ಷಣ ಓದುತ್ತಿರುವವರಿಗೆ ಈ ಟಿಪ್ಪಣಿ. ಚಿತ್ರ, ಮಣ್ಣು, ಹಾಡು, ಕುಣಿತದ ಮೂಲಕ ಮಗುವಿನ ಮನಸ್ಸಿಗೆ ನೆರವಾಗೋದೇ ಕಲಾ ಚಿಕಿತ್ಸೆ. ಇತಿಹಾಸ ಮೊದಲು ಮುಗಿಸಿಬಿಡೋಣ. ‘ಕಲಾ ಚಿಕಿತ್ಸೆ’ ಎಂಬ ಹೆಸರು 1942ರಲ್ಲಿ ಬಂದಿದ್ದು ಇಂಗ್ಲೆಂಡಿನ ಚಿತ್ರಕಾರ ಅಡ್ರಿಯನ್ ಹಿಲ್ ಅವರಿಂದ. ನೃತ್ಯ ಚಿಕಿತ್ಸೆಗೆ ದಾರಿ ಹಾಕಿದವರು ಅಮೆರಿಕದ ಮೇರಿಯನ್ ಚೇಸ್, ಮಕ್ಕಳ ಸಂಗೀತ ಚಿಕಿತ್ಸೆಗೆ ನಾರ್ಡಾಫ್ ಮತ್ತು ರಾಬಿನ್ಸ್ ಜೋಡಿ. ಪರೀಕ್ಷೆಗೆ ಇಷ್ಟು ಸಾಕು.

ನಲಿಕಲಿಗೂ ಇದಕ್ಕೂ ಏನು ವ್ಯತ್ಯಾಸ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಹಾಡು, ಚಿತ್ರ ಇರೋದು ಪಾಠ ಕಲಿಯಲಿಕ್ಕೆ. ಕಲಾ ಚಿಕಿತ್ಸೆಯಲ್ಲಿ ಅಕ್ಷರ ಬರದಿದ್ದರೂ ಪರವಾಗಿಲ್ಲ. ಮಗು ತಡೆದುಕೊಳ್ಳೋದು, ಸರದಿ ಕಾಯೋದು, ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕೋದು ಗುರಿ. ಇನ್ನೊಂದು ಮಾತು: ತರಬೇತಿ ಪಡೆದ ಚಿಕಿತ್ಸಕರು, ಪೋಷಕರ ಒಪ್ಪಿಗೆ, ಪ್ರತಿ ಮಗುವಿಗೆ ಬರೆದಿಟ್ಟ ಗುರಿ, ಈ ಮೂರೂ ಇದ್ದರೆ ಮಾತ್ರ ಅದು ಚಿಕಿತ್ಸೆ. ಟೀಚರ್ ಒಬ್ಬರೇ ಮಾಡುವುದನ್ನು ‘ಕಲೆಯ ಮೂಲಕ ನೆರವು’ ಅನ್ನಿ.

ಎಲ್ಲರೂ ಎಡವುವ ಜಾಗ

1978ರಲ್ಲಿ ಕೇಗಿನ್ ಮತ್ತು ಲ್ಯೂಸ್‌ಬ್ರಿಂಕ್ ಕಲಾ ಚಿಕಿತ್ಸೆಗೆ ಕೊಟ್ಟ ಚೌಕಟ್ಟಿನಲ್ಲಿ ಮೂರು ಹಂತ, ಒಂದೊಂದೂ ಒಂದು ಜೋಡಿ: ಚಲನೆ–ಇಂದ್ರಿಯಾನುಭವ, ಆಕಾರ–ಭಾವ, ಬುದ್ಧಿ–ಸಂಕೇತ. ಸೃಜನಶೀಲತೆ ಮೂರರಲ್ಲೂ ಹರಿಯುತ್ತೆ. ಇದನ್ನು ಏಣಿ ಅಂದುಕೊಂಡರೆ ಅಲ್ಲೇ ತಪ್ಪು. ಮಗು ಕೆಳಗಿನ ಮೆಟ್ಟಿಲಿಂದಲೇ ಹತ್ತಬೇಕು ಅಂತೇನಿಲ್ಲ, ಈಗ ಎಲ್ಲಿದೆಯೋ ಅಲ್ಲಿಂದಲೇ ಶುರು.

ಕಷ್ಟ ಇರೋದು ಪ್ರತಿ ಜೋಡಿಯ ಒಳಗೆ. ಬಾವಿಯ ಏತದ ಹಾಗೆ, ಒಂದು ತುದಿ ತೀರಾ ಏರಿದರೆ ಇನ್ನೊಂದು ಇಳಿಯುತ್ತೆ. ಒಬ್ಬ ಹುಡುಗ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಜೋರಾಗಿ ಬಡಿಯುತ್ತಿದ್ದಾನೆ ಅನ್ನಿ. ಚಲನೆ ಪೂರ್ತಿ ಮೇಲೆ. ಆಗ ಅವನಿಗೆ ತನ್ನ ಪೆಟ್ಟಿನ ಸದ್ದೂ ಕೇಳಿಸೋಲ್ಲ, ಅಂಗೈ ಉರಿಯೂ ತಿಳಿಯೋಲ್ಲ. ‘ನಿಲ್ಲಿಸು’ ಅಂದರೆ ನಿಲ್ಲಿಸಲ್ಲ. ನೀವೂ ಒಂದು ಬಕೆಟ್ ತಗೊಂಡು ಅವನದೇ ವೇಗದಲ್ಲಿ ಸೇರಿಕೊಳ್ಳಿ, ಆಮೇಲೆ ಒಂದೊಂದೇ ಪೆಟ್ಟು ನಿಧಾನ ಮಾಡಿ. ವೇಗ ಇಳಿದಂತೆ ಸದ್ದು ಕೇಳಿಸತೊಡಗುತ್ತೆ. ಆಗ ಬೆರಳ ತುದಿಯಲ್ಲಿ ಬಾರಿಸಿ ತೋರಿಸಿ. ಅದೇ ಲೆಕ್ಕ ಭಾವಕ್ಕೂ: ಭಾವ ಉಕ್ಕಿ ಹರಿಯುತ್ತಿದ್ದರೆ ‘ಅಳಬೇಡ’ ಅನ್ನುವ ಬದಲು ಆಕಾರದ ಕೆಲಸ ಕೊಡಿ. ಗೆರೆ ಎಳಿ, ಅಂಚು ಕಟ್ಟು, ಚೌಕದ ಒಳಗೆ ತುಂಬು.

ಸಾಮಗ್ರಿ

ಪೆನ್ಸಿಲ್, ಕ್ರೇಯಾನ್, ಗಟ್ಟಿ ಮಣ್ಣು ಕೈಗೆ ಎದುರು ಒತ್ತುತ್ತವೆ, ಹಿಡಿತ ಮಗುವಿನದ್ದು. ವಾಟರ್‌ಕಲರ್, ಬೆರಳಿನ ಬಣ್ಣ, ನೀರುಮಣ್ಣು ತಾವೇ ಹರಿಯುತ್ತವೆ, ಭಾವ ಬೇಗ ಎಬ್ಬಿಸುತ್ತವೆ. ‘ಕೋಪ ಇದ್ದರೆ ಬಣ್ಣ ಚೆಲ್ಲಾಡಲಿ, ಹೊರಗೆ ಹೋಗಲಿ’ ಅನ್ನೋ ಸಲಹೆ ಸಾಮಾನ್ಯ. ಹಿಡಿತ ತಪ್ಪಿದ ಮಗುವಿಗೆ ಅದು ಇನ್ನಷ್ಟು ಕಾವು ಏರಿಸುತ್ತೆ.

ಅಂಥ ಮಗುವಿಗೆ ಮೂಸಂಬಿ ಗಾತ್ರದ ಗಟ್ಟಿ ಜೇಡಿಮಣ್ಣು ಕೊಡಿ. ಗಣೇಶ ಮಾಡುವವರ ಹತ್ತಿರ ಸಿಗುತ್ತೆ. ಮಗು ಅದನ್ನು ಎರಡು ಮೂರು ನಿಮಿಷ ಗುದ್ದಿಕೊಳ್ಳಲಿ, ಅಷ್ಟೇ. ನಂತರ ‘ಈಗ ಹಗ್ಗದ ಹಾಗೆ ಹೊಸಿ, ಸುತ್ತಿ ಬಟ್ಟಲು ಮಾಡು’ ಅಂತ ಆಕಾರಕ್ಕೆ ತಿರುಗಿಸಿ. ಬರೀ ಗುದ್ದಲು ಬಿಟ್ಟರೆ ಪೀರಿಯಡ್ ಮುಗಿಯುವಷ್ಟರಲ್ಲಿ ಮಣ್ಣು ಗೋಡೆಯ ಮೇಲೆ.

ಸಣ್ಣ ಗೆರೆ ಎಳೆದು ರಬ್ಬರಿನಲ್ಲಿ ಉಜ್ಜುತ್ತಲೇ ಇರುವ ಮಗುವಿಗೆ ಉಲ್ಟಾ ದಾರಿ, ಆದರೆ ಮೆಲ್ಲಗೆ: ಪೆನ್ಸಿಲ್, ಕ್ರೇಯಾನ್, ಆಯಿಲ್ ಪೇಸ್ಟಲ್, ಆಮೇಲೆ ಬ್ರಷ್. ನೇರ ಬೆರಳಿನ ಬಣ್ಣಕ್ಕೆ ಹಾರಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೆ. ಬಣ್ಣಕ್ಕೆ ಬಂದಾಗ ಎಲ್ಲೆ ಹಾಕಿ: ಎ4 ಅಳತೆಯ ಡ್ರಾಯಿಂಗ್ ಹಾಳೆಯ ನಾಲ್ಕೂ ಅಂಚನ್ನು ಮಾಸ್ಕಿಂಗ್ ಟೇಪಿನಿಂದ ರಟ್ಟಿಗೆ ಅಂಟಿಸಿ, ಎರಡೇ ಬಣ್ಣ, ಲೋಟದಲ್ಲಿ ಕಾಲು ಭಾಗ ನೀರು. ಜೆರಾಕ್ಸ್ ಹಾಳೆ ಬೇಡವೇ ಬೇಡ; ನೆನೆದು ಹರಿಯುತ್ತೆ, ‘ನಂದು ಹಾಳಾಯ್ತು’ ಅಂತ ಮಗು ಮುದುಡಿಕೊಳ್ಳುತ್ತೆ. ಅಲ್ಲಿ ಸೋತಿದ್ದು ಹಾಳೆ, ಮಗುವಲ್ಲ.

ಬಾಯಿಗೆ ಹಾಕುವ ಮಕ್ಕಳಿಗೆ ಮಣ್ಣಿನ ಬದಲು ಹಿಟ್ಟು: 2 ಲೋಟ ಮೈದಾ, ಒಂದು ಚಮಚ ಎಣ್ಣೆ, ಕಲಸುವಷ್ಟು ನೀರು. ಉಪ್ಪು ಹಾಕಿದರೆ ದಿನಗಟ್ಟಲೆ ಕೆಡೋಲ್ಲ, ಆದರೆ ನುಂಗಿದರೆ ಅಪಾಯ. ಹಾಗಾಗಿ ಉಪ್ಪಿಲ್ಲದೆ ಮಾಡಿ ಅವತ್ತೇ ಎಸೆಯಿರಿ.

ಕೋಲಾಟ ನಮ್ಮ ಕಡೆಯ ದೊಡ್ಡ ಅನುಕೂಲ, ಲಯ ಮತ್ತು ಸರದಿ ಎರಡೂ ಒಟ್ಟಿಗೆ ಸಿಗುತ್ತೆ. ಆದರೆ ಆಟಿಸಂ ಇರುವ ಕೆಲವು ಮಕ್ಕಳಿಗೆ ಕೋಲಿನ ಸದ್ದು ಚುಚ್ಚುತ್ತೆ. ದಿನಪತ್ರಿಕೆಯ ನಾಲ್ಕು ಹಾಳೆ ಬಿಗಿಯಾಗಿ ಸುತ್ತಿ ಮೂರು ಕಡೆ ಟೇಪ್ ಹಾಕಿದರೆ ಮೆತ್ತನೆ ಕೋಲು ಸಿದ್ಧ.

40 ನಿಮಿಷದ ಪೀರಿಯಡ್, ಆರರಿಂದ ಎಂಟು ಮಕ್ಕಳು: ಶುರುವಿಗೆ 5, ಮಾಡೋದಕ್ಕೆ 20, ಮಾತಿಗೆ 8, ತೊಳೆದು ಎತ್ತಿಡಲು 7. ಕೊನೆಯ ಏಳನ್ನು ಕದಿಯಬೇಡಿ. ತೆರೆದುಕೊಂಡ ಮಗುವನ್ನು ಹಾಗೇ ಗಣಿತದ ಕ್ಲಾಸಿಗೆ ಕಳಿಸಿದರೆ ಗಲಾಟೆ ಅಲ್ಲಿ ಆಗುತ್ತೆ.

ಮಾತು

‘ಇದೇನು?’ ಬೇಡ. ‘ಎಷ್ಟು ಚೆನ್ನಾಗಿದೆ!’ ಕೂಡ ಬೇಡ. ಮುಂದಿನ ಸಲ ಮಗು ನಿಮಗೋಸ್ಕರ ಬಿಡಿಸುತ್ತೆ. ‘ಇದರ ಬಗ್ಗೆ ಹೇಳಪ್ಪಾ’, ‘ಇಲ್ಲಿ ಯಾರ್ಯಾರಿದ್ದಾರಮ್ಮ?’ ಸಾಕು. ಕಪ್ಪು ಬಳಿದಿದ್ದಕ್ಕೆಲ್ಲ ಖಿನ್ನತೆ ಅನ್ನಬೇಡಿ. ಡಬ್ಬಿಯಲ್ಲಿ ಮುರಿಯದೆ ಉಳಿದ ಕ್ರೇಯಾನ್ ಅದೊಂದೇ ಇರಬಹುದು.

‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು; ಮಕ್ಕಳ ಸಹಾಯವಾಣಿ 1098. ಮಾತು, ಶ್ರವಣದ ತೊಂದರೆ ಕಂಡರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ.

ದಾಖಲೆಯಲ್ಲಿ ಕಂಡದ್ದಷ್ಟೇ: ‘ಹಾಳೆಯ ಎಡಮೂಲೆ ಮಾತ್ರ ಬಳಸಿದ, ಎರಡು ಸಲ ಎದ್ದು ಹೋದ, ನೀಲಿ ಬೇಕೆಂದು ಕೇಳಿದ.’ ಚಿತ್ರದ ಹಿಂದೆ ತಾರೀಖು, ಮಗುವಿನ ಹೆಸರಿನ ಮೊದಲ ಅಕ್ಷರ. ಇಡೋದು ಬೀಗ ಹಾಕಿದ ಬೀರುವಿನಲ್ಲಿ, ನೋಟಿಸ್ ಬೋರ್ಡಿನಲ್ಲಲ್ಲ, ಪೋಷಕರ ವಾಟ್ಸಾಪ್ ಗುಂಪಿನಲ್ಲಂತೂ ಅಲ್ಲವೇ ಅಲ್ಲ.